ಪಾಲಿಗೆ ಹಾಕಿದ ಎಮ್ಮೆ

ನನ್ನ ಮೊದಲ ಎಮ್ಮೆಯನ್ನು ನಾನು ನನ್ನ ಮನೆಯಲ್ಲಿ ಕಟ್ಟಿರಲಿಲ್ಲ. ನಾನಿದ್ದದ್ದು ಬ್ಯಾಡಗಿಯಲ್ಲಿ. ಎಮ್ಮೆ ಇದ್ದದ್ದು ಹಾವೇರಿಯ ಆಚೆ, ಕರ್ಜಗಿಯಲ್ಲಿ, ನನ್ನ ದೊಡ್ಡವ್ವನ ಹಿತ್ತಲಿನಲ್ಲಿ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ವರ್ಷ. ಹೊಳೆಸಾಲಿನಲ್ಲಿ ಒಂದು ತುಂಡು ಹೊಲ, ಎರಡು ಕೋಣೆಯ ಮನೆ, ಇಡೀ ಓಣಿಗೆ ಕೇಳುವ ದನಿ. ಇಷ್ಟು ಅವಳ ಆಸ್ತಿ.

ಎಮ್ಮೆಯನ್ನು ಅಷ್ಟು ದೂರ ಇಟ್ಟದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ದುಡ್ಡಾಗಬಲ್ಲ ಯಾವುದೂ ಉಳಿಯುತ್ತಿರಲಿಲ್ಲ. ಗಂಡ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಗಂಡನನ್ನು ಹೆಂಡತಿ ಬಹುವಚನದಲ್ಲಿ ಬರೆಯಬೇಕು ಅನ್ನುತ್ತಾರೆ. ನನ್ನ ಕೈಯಿಂದ ಅದು ಬರುವುದಿಲ್ಲ, ದೇವರು ಕ್ಷಮಿಸಲಿ. ಸುಗ್ಗಿಯಲ್ಲಿ ಅವನಿಗೆ ಕೈತುಂಬ ದುಡಿಮೆ. ಬಂದದ್ದರಲ್ಲಿ ಅರ್ಧ ಸೆರೆ ಕುಡಿಯಲು, ಅರ್ಧ ಓಸಿ ಜೂಜಿಗೆ. ಅದು ಮುಗಿದ ಮೇಲೆ ನನ್ನ ಗಂಟು ಹುಡುಕುತ್ತಿದ್ದ. ಜೋಳದ ಗಡಿಗೆ, ದೇವರ ಪಟದ ಹಿಂದೆ, ಮಗಳ ಪಾಟೀಚೀಲದ ಹೊಲಿಗೆ, ಎಲ್ಲಾ ಅವನಿಗೆ ಗೊತ್ತು. ಹುಡುಕಿ ಸಿಗದಿದ್ದರೆ ಹೊಡೆಯುತ್ತಿದ್ದ. ನಾನೇ ತೆಗೆದುಕೊಡುತ್ತಿದ್ದೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ದಿನವಿಡೀ ಕಾಯಿ ಚೀಲ ಹೊತ್ತ ಅಂಗೈ ಒಡೆದ ತುಟಿಗೆ ಬಿದ್ದಾಗ ಆ ಮಾತನ್ನು ನಾನು ನಂಬಲಿಲ್ಲ.

ಸರ್ಕಾರದಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೊಮ್ಮೆ ಬರುವ ದುಡ್ಡು ಅತ್ತೆಯ ಹೆಸರಿನಲ್ಲಿತ್ತು. ಅದನ್ನೂ ಅವನೇ ತೆಗೆಯುತ್ತಿದ್ದ. ನನಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಒಂದು ಕೋಣೆ, ಅದಕ್ಕೆ ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ, ಅದರ ಬಾಡಿಗೆಗೂ ನಮ್ಮಿಬ್ಬರ ಹೊಟ್ಟೆಗೂ ಯಾರ ಮುಂದೂ ಕೈಚಾಚದಷ್ಟು ಗಳಿಕೆ. ಇಬ್ಬರು ಅಂದರೆ ನಾನು ಮತ್ತು ಮಗಳು.

ನಾನು ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಒಣಮೆಣಸಿನಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಅನ್ನುತ್ತಾರೆ. ಅಂಗಡಿಯ ನೆರಳಿನಲ್ಲಿ ಸಾಲಾಗಿ ಕೂತು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕಾಯಿ ಮುರಿಯದ ಹಾಗೆ ತುಂಬು ಮುರಿಯಬೇಕು. ತೂಕದ ಮೇಲೆ ಕೂಲಿ. ಸಂಜೆ ಮನೆಗೆ ಬಂದು ಮಗಳ ಕೆನ್ನೆ ಮುಟ್ಟುವಂತಿಲ್ಲ. ಮೊದಲು ಮಜ್ಜಿಗೆಯಲ್ಲಿ ಕೈ ತೊಳೆಯಬೇಕು, ಮಜ್ಜಿಗೆ ಇದ್ದರೆ. ಒಮ್ಮೆ ಉರುವಲು ಉಳಿಸುವ ಆಸೆಗೆ ತುಂಬನ್ನೇ ತಂದು ಒಲೆಗೆ ಹಾಕಿದೆ. ಓಣಿಗೆ ಓಣಿಯೇ ಕೆಮ್ಮಿತು. ಅತ್ತೆ ಹೊರಗೆ ಓಡಿಹೋಗಿ, “ಇಕಿ ಉಳಿತಾಯಕ್ಕ ನಾವೆಲ್ಲಾ ಸಾಯತೇವಿ ನೋಡ್ರವಾ!” ಎಂದು ಕೂಗಿದರು. ಅವತ್ತು ನಾನೂ ನಕ್ಕೆ.

ಉಳಿಸುವುದನ್ನು ನನಗೆ ಕಲಿಸಿದ್ದು ಪೂಜೆ. ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಜೋಳ ಹನುಮಪ್ಪನ ಹೆಸರಿನಲ್ಲಿ ತೆಗೆದಿಡುವುದು ನಮ್ಮವ್ವನ ಕಾಲದಿಂದ ಬಂದ ರೂಢಿ. ಆ ಹಿಡಿ ತೆಗೆಯುವಾಗ ಗಡಿಗೆಯೊಳಗೆ ನೋಡಲೇಬೇಕು, ಎಷ್ಟಿದೆ, ಎಷ್ಟು ಸಾಕು ಎಂದು ಕೇಳಿಕೊಳ್ಳಲೇಬೇಕು. ಆಮೇಲೆ ಎಲ್ಲದಕ್ಕೂ ಹಾಗೇ ಕೇಳಿಕೊಳ್ಳತೊಡಗಿದೆ. ಇದು ಇಲ್ಲದಿದ್ದರೆ ಇವತ್ತು ಏನು ನಿಲ್ಲುತ್ತದೆ? ಚಹಾ ಬಿಟ್ಟೆ, ಏನೂ ನಿಲ್ಲಲಿಲ್ಲ. ಒಗ್ಗರಣೆಯ ಎಣ್ಣೆ ಅರ್ಧ ಮಾಡಿದೆ, ಪುಂಡಿಪಲ್ಯ ಅದೇ ರುಚಿ. ಹಳೆಯ ಸೀರೆ ಕೌದಿಯಾಯಿತು, ಕೌದಿ ಹರಿದ ಮೇಲೆ ಒರೆಸುವ ಬಟ್ಟೆಯಾಯಿತು. ಗಾಜಿನ ಬಳೆ ಕೈಗೆ ಎರಡೆರಡೇ ಇಟ್ಟುಕೊಂಡೆ. ಡಜನ್ ಇಟ್ಟರೆ ಡಜನ್ನೂ ಒಂದೇ ಏಟಿಗೆ ಹೋಗುತ್ತಿದ್ದವು, ಚೂರು ಬೇರೆ ಚುಚ್ಚುತ್ತಿದ್ದವು.

ನಮಗೆ ಕೆಲಸ ಹಚ್ಚಿಕೊಡುವ ಒಬ್ಬ ಅಕ್ಕ ಇದ್ದಳು. ಕೂಲಿಯಲ್ಲಿ ಅರ್ಧವನ್ನು ಅವಳ ಹತ್ತಿರವೇ ಬಿಡುತ್ತಿದ್ದೆ. “ಕಡಿಮಿ ಕಾಯಿ ಬಂದಾವು ಅಂತ ಹೇಳ್ತೇನಿ ನಿನ್ನ ಗಂಡಗ, ಚಿಂತೀ ಮಾಡಬ್ಯಾಡ,” ಅನ್ನುತ್ತಿದ್ದಳು. ಅಂಥವಳು ಸಿಕ್ಕಿದ್ದೂ ದೇವರ ದಯೆಯೇ. ಆ ದುಡ್ಡು ಒಂದು ಹೆಣ್ಣು ಎಮ್ಮೆಗರುವಿಗೆ ಸಾಕಾದಾಗ ಕರ್ಜಗಿಯಲ್ಲಿ ದೊಡ್ಡವ್ವನೇ ನೋಡಿ ಕೊಂಡಳು. ಕೊಂಡು, ಪಾಲಿಗೆ ಸಾಕಲು ಇಟ್ಟುಕೊಂಡಳು.

“ರೊಕ್ಕ ನಿಂದು, ಹುಲ್ಲು ನಂದು,” ಎಂದಳು. “ಈದ ಮ್ಯಾಲೆ ನಾಕ ಮಂದಿ ಕೂಡಿಸಿ ಬೆಲಿ ಕಟ್ಟಸೂಣು. ಅರ್ಧಾ ನನಗ ಕೊಟ್ಟು ಎಮ್ಮಿ ಹೊಡ್ಕೊಂಡು ಹೋಗು.”

“ನಿನಗ ಮೋಸಾ ಆಗಬಾರದು ದೊಡ್ಡವ್ವಾ.”

“ನಿನ್ನ ಮಾರಿ ನೋಡ್ಕೋ. ಮೋಸಾ ಮಾಡೂ ಮಾರಿ ಆಗಿದ್ರ ಇಷ್ಟ ಏಟು ತಿಂತಿದ್ದೇನ ನೀನು?”

ಪಾಲಿನ ದನ ನಮ್ಮ ಸೀಮೆಯಲ್ಲಿ ಹೊಸದಲ್ಲ. ಕಾಗದವಿಲ್ಲ, ಸಹಿ ಇಲ್ಲ. ಆದರೆ ಇಬ್ಬರ ಮಾತಿಲ್ಲದೆ ಅದನ್ನು ಹಗ್ಗ ಬಿಚ್ಚಿ ಒಯ್ಯುವಂತಿಲ್ಲ. ಇದು ದನ ಕಟ್ಟಿದವರಿಗೆಲ್ಲ ಗೊತ್ತಿರುವ ಕಟ್ಟಳೆ.

ಕರು ಬೆಳೆಯಿತು. ಬಸ್ಸು ಹೆಂಗಸರಿಗೆ ಪುಕ್ಕಟೆ ಆದ ಮೇಲೆ ನಾನು ಶನಿವಾರ ದೇವರಿಗೆ ಹೋಗುತ್ತೇನೆಂದು ಹೊರಡುತ್ತಿದ್ದೆ. ಸುಳ್ಳಾಗಬಾರದೆಂದು ಮೊದಲು ಕದರಮಂಡಲಗಿಗೇ ಹೋಗಿ, ಹನುಮಪ್ಪನಿಗೆ ಕೈಮುಗಿದು, ಆಮೇಲೆ ಹಾವೇರಿ, ಅಲ್ಲಿಂದ ಕರ್ಜಗಿ. ಎಮ್ಮೆಯ ಬೆನ್ನು ತಿಕ್ಕಿ ಮೈ ತೊಳೆಸುತ್ತಿದ್ದೆ. ಅದರ ದೊಡ್ಡ ಹೊಟ್ಟೆಗೆ ಕಿವಿ ಹಚ್ಚಿ ಕೂತರೆ ಊಟ ಬೇಡ ಅನ್ನಿಸುತ್ತಿತ್ತು. ಗಬ್ಬ ನಿಂತಿತು. ದಿನ ತುಂಬಿತು.

ಆಗ ನಡೆದದ್ದು ನಮ್ಮ ಮಂದಿಯಷ್ಟೇ ಮಾಡಬಹುದಾದ ತಪ್ಪು. ಎಮ್ಮೆ ಈದರೆ ಮೊದಲ ಗಿಣ್ಣದ ಹಾಲು ದೇವರಿಗೆ, ಎರಡನೆಯದು ಒಡತಿಯ ಮನೆಗೆ. ಕಳಿಸದಿದ್ದರೆ ಕೆಚ್ಚಲು ಕೆಡುತ್ತದೆಂಬ ನಂಬಿಕೆ. ಇಷ್ಟು ದಿನ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ದೊಡ್ಡವ್ವ ಈ ಒಂದನ್ನು ಮಾತ್ರ ಮೀರಲಾರದೆ ಹೋದಳು. ಪೇಟೆಗೆ ಕಾಯಿ ತರುತ್ತಿದ್ದ ಊರ ರೈತನೊಬ್ಬನ ಕೈಗೆ ಹಾಲಿನ ಡಬ್ಬಿ ಕೊಟ್ಟು, “ನಮ್ಮ ಹುಡಿಗಿ ಮನಿಗೆ ಮುಟ್ಟಸಪಾ,” ಎಂದಳಂತೆ. ಗುಟ್ಟಿನ ಮಾತು ಅವನಿಗೆ ಹೇಳುವುದು ಮರೆತಳು.

ಅವನು ಡಬ್ಬಿ ಹಿಡಿದು ಬಂದಾಗ ಬಾಗಿಲಲ್ಲಿ ಅತ್ತೆ ಕೂತಿದ್ದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ.

“ಯಾರ ಮನ್ಯಾಗ ಎಮ್ಮಿ ಈದೈತೋ ತಮ್ಮಾ?” ಎಂದರು ಅತ್ತೆ.

“ನಿಮ್ಮ ಸೊಸೀದರೀ ಯವ್ವಾ! ಕರ್ಜಗ್ಯಾಗ ಪಾಲಿಗೆ ಹಾಕ್ಯಾರಲ್ಲ. ಹೆಣ್ಣಗರಾ ಹಾಕೈತಿ, ಚಲೋ ಆತು,” ಎಂದು ಅವನು ಹಲ್ಲು ಕಿರಿದು ಹೇಳಿ ಹೋದ.

ಹಾಲು ಕೆಡಬಾರದೆಂದು ಅತ್ತೆ ತಾವೇ ಬೆಲ್ಲ, ಯಾಲಕ್ಕಿ ಹಾಕಿ ಹಬೆಗೆ ಇಟ್ಟರು. ಮಧ್ಯಾಹ್ನವೆಲ್ಲ ಮನೆಯಲ್ಲಿ ಆ ವಾಸನೆ. ಮಗಳು ಶಾಲೆಯಿಂದ ಬಂದು, “ಗಿಣ್ಣಾ!” ಎಂದು ಕುಣಿದಳು. ನನ್ನ ಮುಖ ನೋಡಿ ಎತ್ತಿದ ಬಟ್ಟಲನ್ನು ತಿರುಗಿ ಇಟ್ಟಳು.

ಗಂಡ ಸಂಜೆಯ ಬೆಳಕಿರುವಾಗಲೇ ಬಂದ, ಕುಡಿದಿರಲಿಲ್ಲ. ಹೆಗಲ ಮೇಲೆ ಚೀಲ ಎತ್ತುವ ಕಬ್ಬಿಣದ ಕೊಕ್ಕೆ. ಕೂತು ಒಂದು ಬಟ್ಟಲು ಗಿಣ್ಣ ತಿಂದ, ಇನ್ನೊಂದು ಹಾಕಿಸಿಕೊಂಡ.

“ಭಾಳ ಚಲೋ ಆಗೈತೆವ್ವಾ. ಯಾರ ಕೊಟ್ರು?”

“ನಿನ್ನ ಹೇಣ್ತಿ ಸಾವುಕಾರ್ತಿ ಆಗ್ಯಾಳ. ಆಕೀನ್ನ ಕೇಳು,” ಎಂದರು ಅತ್ತೆ.

ಅವನು ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ. ಎದ್ದು ಹೋಗಿ ಕೈ ತೊಳೆದುಕೊಂಡ, ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡ. ಆಮೇಲೆ ಕೊಕ್ಕೆಯನ್ನು ತಿರುಗಿಸಿ ಹಿಡಿದು ಹಿಡಿಕೆಯ ಕಡೆಯಿಂದ ನನ್ನ ಬೆನ್ನಿಗೆ ಹೊಡೆದ. ಮೊದಲ ಏಟಿಗೆ ಉಸಿರು ನಿಂತಿತು, ಕೂಗಲೂ ಆಗಲಿಲ್ಲ. ಎರಡನೆಯದು ತಲೆಗೆ ಬರುತ್ತಿತ್ತು, ಎಡಗೈ ಅಡ್ಡ ಹಿಡಿದೆ. ಮಣಿಕಟ್ಟಿನ ಹತ್ತಿರ ಒಣ ಕಟ್ಟಿಗೆ ಮುರಿದ ಸದ್ದು ಬಂತು. “ಮನ್ಯಾಗ ನಾ ಸಾಯಾಕತ್ತೇನಿ, ನೀ ಊರಾಗ ಎಮ್ಮಿ ಕಟ್ಟೀಯೇನ ಹಲ್ಕಟ್?” ಅನ್ನುತ್ತ ಜಡೆ ಹಿಡಿದು ಒಲೆಯ ಕಡೆ ಎಳೆದ. ಮಗಳು ಅವನ ಕಾಲಿಗೆ ತೆಕ್ಕೆ ಬಿದ್ದಳು. ಅವಳನ್ನು ಒದ್ದ ರಭಸಕ್ಕೆ ಮಗು ಹೊಸ್ತಿಲಿಗೆ ಹೋಗಿ ಬಿತ್ತು. ಹಣೆ ಒಡೆಯಿತು. ಆ ರಕ್ತ ನೋಡಿ ಅತ್ತೆ, “ಸಾಕೋ, ಕೂಸಿಗೆ ಹತ್ತಿತು,” ಎಂದರು. ಅಲ್ಲಿಯವರೆಗೆ ಅವರು ಗಿಣ್ಣದ ಪಾತ್ರೆ ಉರುಳದ ಹಾಗೆ ಹಿಡಿದುಕೊಂಡು ನಿಂತಿದ್ದರು.

ಮುರಿದದ್ದು ಎಡಗೈ, ಬಲಗೈ ಅಲ್ಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಳ್ಳುವಾಗ ನಾನು ಎಣಿಸಿಕೊಂಡ ದಯೆ ಅದೊಂದೇ.

ಮರುದಿನ ಹಾವೇರಿಯಲ್ಲಿ ದನದ ಸಂತೆ. ಬೆಳಗ್ಗೆ ಬೇಗ ಅವನು ಗೆಳೆಯನೊಬ್ಬನ ಟೆಂಪೊ ಮಾಡಿಕೊಂಡು ಹೋದ. ಎಲ್ಲಿಗೆಂದು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಕೈ ಉಬ್ಬಿ ಒನಕೆಯ ಹಾಗಾಗಿತ್ತು. ಆಸ್ಪತ್ರೆಗೆ ಹೋಗುತ್ತೇನೆಂದು ಹೇಳಿ, ಮಗಳನ್ನು ಕರೆದುಕೊಂಡು ಕೆಲಸದ ಅಕ್ಕನ ಮನೆಗೆ ಹೋದೆ. ಅಷ್ಟರಲ್ಲಿ ಅವಳ ಫೋನಿಗೆ ದೊಡ್ಡವ್ವನ ಕರೆ ಬಂತು.

“ಬಂದಿದ್ದ ನಿನ್ನ ಗಂಡಾ. ನನ್ನ ಗ್ವಾಡಿಗೆ ದಬ್ಬಿ ಎಮ್ಮಿ ಬಿಚ್ಚಿಕೊಂಡು ಹೋದ. ಕರಾ ಬಿಟ್ಟ ಹೋಗ್ಯಾನ, ಅಡಮುಟ್ಟ! ಕರಾ ಒದರಾಕತ್ತೈತಿ. ನಾ ಅದನ್ನ ತೊಗೊಂಡ ಹಾವೇರಿಗೆ ಹೊಂಟೇನಿ, ನೀ ಲಗೂ ಬಾ.”

“ನಿನಗ ಭಾಳ ಹತ್ತೈತೇನ?”

“ನನ್ನ ತಲಿ ಇರ್ಲಿ, ನೀ ಬಾ ಅಂದ್ನೆಲ್ಲ!”

ಮಗಳ ಜೊತೆ ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಒಂದೇ ಮಾತು. ಆ ಎಮ್ಮೆ ಹೋದರೆ ಕೋಣೆ ಹೋಯಿತು, ಚಿಲಕ ಹೋಯಿತು, ನಾನೂ ಮಗಳೂ ಆ ಕೊಕ್ಕೆಯ ಕೆಳಗೇ ಮುದುಕಿಯರಾಗುತ್ತೇವೆ. ಹಾವೇರಿಯಲ್ಲಿ ಇಳಿದು ಆಸ್ಪತ್ರೆಯ ಕಡೆ ತಿರುಗಲಿಲ್ಲ.

ಸಂತೆಯಲ್ಲಿ ಅವನನ್ನು ಹುಡುಕುವ ಕಷ್ಟವಿರಲಿಲ್ಲ, ಮಂದಿ ಅವನ ಸುತ್ತ ನಗುತ್ತ ನಿಂತಿದ್ದರು. ಕೊಳ್ಳುವವನೊಬ್ಬ ಸಂತೆಯ ರೂಢಿಯಂತೆ ವಲ್ಲಿಯ ಕೆಳಗೆ ಅವನ ಬೆರಳು ಹಿಡಿದು ಬೆಲೆ ಮಾತಾಡಿ, ಒಂದು ಹಿಂಡು ಹಾಲು ತೋರಿಸು ಎಂದಿದ್ದನಂತೆ. ಚೀಲ ಹೊರುವವನಿಗೆ ಎಮ್ಮೆಯ ಸ್ವಭಾವ ಏನು ಗೊತ್ತು? ಹೊಸದಾಗಿ ಈದ ಎಮ್ಮೆ ಕರುವಿನ ಬಾಯಿ ತಾಗದೆ ಹಾಲು ಇಳಿಸುವುದಿಲ್ಲ. ಅವನು ಮೊಲೆ ಜಗ್ಗಿದ, ಬಾಲ ತಿರುವಿದ, ಬಡಿಗೆಯಿಂದ ಬೆನ್ನಿಗೆ ಬಾರಿಸಿದ. ಎಮ್ಮೆಯ ಚರ್ಮದ ಮೇಲೆ ಏಟಿನ ಗೆರೆ ಎದ್ದು ನಿಂತಿದ್ದವು. ಅದು ಹಿಂದಿನ ಕಾಲು ಬೀಸಿತು. ಒದೆ ತೊಡೆಗೆ ಬಿದ್ದು ಅವನು ಸೆಗಣಿಯಲ್ಲಿ ಕೂತ.

“ಏ ಹಮಾಲಾ, ಅದು ಕಾಯಿಚೀಲ ಅಲ್ಲೋ!” ಎಂದು ಯಾರೋ ಕೂಗಿದರು.

“ಹಾಲಿನ ಎಮ್ಮಿ ಅಂತಿ, ಕರಾ ಎಲ್ಲೈತಿ?” ಎಂದ ಕೊಳ್ಳುವವ.

“ಸತ್ತೈತಿ,” ಎಂದ ನನ್ನ ಗಂಡ.

ಅದೇ ಹೊತ್ತಿಗೆ ದೊಡ್ಡವ್ವ ಬಾಡಿಗೆಗೆ ಹಿಡಿದ ಟಂಟಂ ಗಾಡಿ ಬಂತು. ಹಿಂದಿನ ತೊಟ್ಟಿಯಲ್ಲಿ ಅವಳು ಕರುವನ್ನು ತೊಡೆಯ ಮೇಲೆ ಅವಚಿಕೊಂಡು ಕೂತಿದ್ದಳು. ತಲೆಗೆ ಸೆರಗು ಬಿಗಿದಿತ್ತು, ಸೆರಗಿನಲ್ಲಿ ರಕ್ತ ಕಂದಿತ್ತು. ಕರು ಒಮ್ಮೆ ಕೂಗಿತು. ಎಮ್ಮೆ ತಲೆ ಎತ್ತಿತು, ಅದೂ ಕೂಗಿತು. ಯಾರೂ ಮುಟ್ಟದೆ ನಾಲ್ಕೂ ಮೊಲೆಯಿಂದ ಹಾಲು ನೆಲಕ್ಕೆ ಸುರಿಯತೊಡಗಿತು. ಇಡೀ ಗುಂಪು ಆ ಹಾಲನ್ನು ನೋಡುತ್ತ ನಿಂತಿತು.

ವ್ಯಾಪಾರ ಮಾಡಿಸುತ್ತಿದ್ದ ಮುದುಕರೊಬ್ಬರು ಎಮ್ಮೆಯ ಹತ್ತಿರ ಬಂದು ನಿಂತ ನನ್ನ ಕಡೆ ತಿರುಗಿದರು. “ಯಾರ ಎಮ್ಮಿ ತಂಗೀ ಇದು?”

“ನಂದರೀ ಅಜ್ಜಾರ…”

ಮಾತು ಮುಗಿಯಲಿಲ್ಲ. ಗಂಡ ಎದ್ದು ಬಂದು ಹಗ್ಗದ ತುದಿಯಿಂದ ಮುಖಕ್ಕೆ ಬೀಸಿದ. ಗಂಟು ಕಿವಿಗೆ ಬಡಿಯಿತು. ಕಿವಿಯಲ್ಲಿ ಜುಂಯ್ ಎಂದು ಹಿಡಿದದ್ದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಎರಡನೆಯ ಸಲ ಬೀಸಿದಾಗ ಮುರಿದ ಕೈಯ ಮೇಲೆ ಬಿತ್ತು. ನಾನು ಮೊಣಕಾಲೂರಿ ಕೂತೆ. ಅಷ್ಟು ಗಂಡಸರಿದ್ದರು. ಒಬ್ಬರೂ ಮುಂದೆ ಬರಲಿಲ್ಲ. “ಗಂಡಾ ಹೇಣ್ತಿ ಜಗಳಾ, ನಡೂವ ನಾವ್ಯಾಕ,” ಎಂದ ಮಾತು ನನ್ನ ಸರಿಯಿದ್ದ ಕಿವಿಗೆ ಸ್ಪಷ್ಟ ಕೇಳಿತು.

ಆಗ ದೊಡ್ಡವ್ವ ಟಂಟಂ ಮೇಲೆಯೇ ಎದ್ದು ನಿಂತು, ಓಣಿಗೆ ಕೇಳುವ ಆ ದನಿಯನ್ನು ಸಂತೆಗೆ ಕೇಳಿಸಿದಳು. “ಪಾಲಿನ ಎಮ್ಮಿರೋ ಅದು! ರೊಕ್ಕ ಆಕೀದು, ಹುಲ್ಲು ನಂದು! ನನ್ನ ತಲಿ ಒಡದು ಬಿಚ್ಚಿಕೊಂಡು ಬಂದಾನ ಭಾಡ್ಯಾ!”

ಕೊಳ್ಳುವವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. “ಪಾಲಿನ ದನಾ ಅಂತ ಯಾಕ ಹೇಳ್ಲಿಲ್ಲಲೇ?” ಎಂದು ಯಾರೋ ಕೇಳಿದ್ದು, ಯಾರೋ ಕಪಾಳಕ್ಕೆ ಹೊಡೆದದ್ದು ಒಟ್ಟಿಗೇ ಆಯಿತು. ಮುಂದಿನದು ಬರೀ ಕೈ, ಕಾಲು, ಧೂಳು. ಹಗ್ಗ ಕಸಿದುಕೊಂಡರು, ಅಂಗಿ ಹರಿದರು, ಬಡಿಗೆ ಕಸಿದು ಅದರಿಂದಲೇ ಹೊಡೆದರು. ಅವನ ಬಾಯಿಂದ ರಕ್ತ ಬಂತು. ಅವನು “ಯಪ್ಪಾ, ಬಿಡ್ರೋ,” ಅಂದದ್ದು ಕೇಳಿತು. ನಾನು ಆ ಮಾತನ್ನು ಎಷ್ಟೋ ಸಲ ಅಂದಿದ್ದೆ. ಅವನ ಬಾಯಲ್ಲಿ ಕೇಳಿ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಗಳ ಕಣ್ಣು ಮುಚ್ಚಲು ಹೋದರೆ ಅವಳು ನನ್ನ ಕೈ ಸರಿಸಿದಳು.

ಈ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನನ್ನ ಮುರಿದ ಕೈಯ ಮೇಲೆ ಏಟು ಬಿದ್ದಾಗ ಎದ್ದು ಬರದ ಗಂಡಸರು ಅರ್ಧ ಎಮ್ಮೆಗಾಗಿ ಎದ್ದುಬಂದರು. ಅವರಿಗೆ ಕೈಮುಗಿಯಬೇಕೋ ಉಗುಳಬೇಕೋ ತಿಳಿಯದೆ, ದೇವರಿಗೇ ಕೈಮುಗಿದೆ. ಹೆಂಡತಿಗೆ ಇಲ್ಲದ ಕಟ್ಟಳೆ ಪಾಲಿಗಾದರೂ ಇತ್ತಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಹೇಗಾಯಿತೆಂದು ಕೇಳಿದಾಗ, ಗಂಡ ಹೊಡೆದ ಎಂದೆ. ಬ್ಯಾಡಗಿಗೆ ತಿರುಗಿ ಹೋಗಲಿಲ್ಲ. ಕರ್ಜಗಿಯಲ್ಲಿ ದೊಡ್ಡವ್ವನ ಜೊತೆ ಇದ್ದು ಡೇರಿಗೆ ಹಾಲು ಹಾಕಿದೆ. ನಾವು ಮೂವರೂ ನೀರು ಬೆರೆಸಿದ ಮಜ್ಜಿಗೆ ಕುಡಿದು, ಹಾಲಿನ ದುಡ್ಡು ಮುಟ್ಟದೆ ಇಟ್ಟೆವು. ಒಂದು ದಿನ ಅತ್ತೆ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು.

“ಆದದ್ದು ಆತು. ಮನಿಗೆ ನಡಿ. ಎಮ್ಮೀನೂ ಹೊಡ್ಕೊಂಡು ಬಾ,” ಎಂದರು.

“ನೀವು ಕರಿಯಾಕ ಬಂದದ್ದು ನನ್ನನ್ನೋ, ಎಮ್ಮಿನ್ನೋ, ಅತ್ತೀ?” ಎಂದೆ.

ಹಿರಿಯರಲ್ಲಿ ಒಬ್ಬರು ನಕ್ಕುಬಿಟ್ಟರು. ದೊಡ್ಡವ್ವ ಮೂವರಿಗೂ ಮಜ್ಜಿಗೆ ಕೊಟ್ಟು ಕಳಿಸಿದಳು.

ನಾಲ್ಕು ಮಂದಿ ಬೆಲೆ ಕಟ್ಟಿದರು. ದೊಡ್ಡವ್ವನ ಅರ್ಧವನ್ನು ಹಾಲಿನಿಂದಲೇ ತೀರಿಸಿದೆ. ಬೇಡ ಅಂದಳು, ಬೈದಳು, ಕೊನೆಗೆ ತೆಗೆದುಕೊಂಡಳು. ರಾಣೇಬೆನ್ನೂರಿನ ಅಂಚಿನಲ್ಲಿ, ಹಿಂಬದಿಗೆ ಎಮ್ಮೆ ಕಟ್ಟಲು ತಗಡಿನ ಚಪ್ಪರವಿದ್ದ ಒಂದು ಕೋಣೆ ಸಿಕ್ಕಿತು. ಮಗಳಿಗೆ ಶಾಲೆ ಹತ್ತಿರ. ಮುಂಜಾನೆ ಹಾಲು, ಹಗಲು ರೊಟ್ಟಿ. ಎಡಗೈ ಸೊಟ್ಟ ಕೂಡಿದೆ, ರೊಟ್ಟಿ ದುಂಡಗಾಗುವುದಿಲ್ಲ, ಆದರೂ ಮಂದಿ ಒಯ್ಯುತ್ತಾರೆ. ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ, ಯಾರ ಸಾಲವೂ ಇಲ್ಲ.

ಒಂದು ಬೆಳಗ್ಗೆ ಅವನು ಬಂದ. ಹೆಂಗಸರು ಪಾತ್ರೆ ಹಿಡಿದು ಹಾಲಿಗೆ ಸಾಲು ನಿಂತಿದ್ದರು. “ರೊಕ್ಕ ಕೊಡ,” ಎಂದ. ಇಲ್ಲ ಎಂದೆ. ಅವನ ಕೈ ಎದ್ದಿತು. ನನ್ನ ಮೈ ತಾನಾಗಿ ಕುಗ್ಗಿತು, ಅದು ಇನ್ನೂ ಹೋಗಿಲ್ಲ. ಆದರೆ ಕಾಲು ಕದಲಲಿಲ್ಲ. ಸಾಲಿನ ಮುಂದಿದ್ದ ಹೆಂಗಸು ತನ್ನ ತಂಬಿಗೆಯನ್ನು ಕಲ್ಲಿನ ಹಾಗೆ ಹಿಡಿದು, “ಹೊಡಿ ನೋಡೂಣು,” ಎಂದಳು. ಅವನು ನನ್ನನ್ನು ಬಿಟ್ಟು ಹಾಲಿನ ಕೊಡವನ್ನು ಒದ್ದ. ಬೆಳಗಿನ ಹಾಲೆಲ್ಲ ಅಂಗಳದ ಮಣ್ಣಿಗೆ ಹರಿಯಿತು. ಬೈಯುತ್ತ ಹೋದ.

ಮೊದಲಾಗಿದ್ದರೆ ಅಂಥ ಒಂದು ದಿನ ನಮ್ಮನ್ನು ವಾರ ಉಪವಾಸ ಕೆಡವುತ್ತಿತ್ತು. ಕೊಡ ಎತ್ತಿ ನೋಡಿದೆ, ತಗ್ಗು ಬಿದ್ದಿತ್ತು, ಸೋರುತ್ತಿರಲಿಲ್ಲ. ತೊಳೆದು ಬಿಸಿಲಿಗೆ ಬೋರಲು ಹಾಕಿದೆ. “ಸಂಜಿಕ ಬರ್ರೆವಾ, ಸಂಜಿಕ ಕೊಡ್ತೇನಿ,” ಎಂದು ಹೆಂಗಸರಿಗೆ ಹೇಳಿ, ಎಮ್ಮೆಗೆ ಹಿಂಡಿ ಕಲಸಲು ಒಳಗೆ ಹೋದೆ.